ಕಂಪ್ಯೂಟರಿನೊಳಗೆ ಏಕಾದಶಿ

ಹೋದ ತಿಂಗಳು ನಾನು ಸತ್ತೆ. ಸುದ್ದಿಯನ್ನು ನನಗೆ ತಿಳಿಸಿದವಳು ನನ್ನ ಮಗಳು ಮೇಧಾ. ಆಫೀಸಿಗೆ ಫೋನ್ ಮಾಡಿ, ಸಂಜೆ ನಾಲ್ಕೂ ಕಾಲಿಗೆ.

"ಅಮ್ಮಾ, ಎಲ್ಲಾರುಂ ಸೆತ್ತುಟ್ಟಾಂಗ," ಅಂದಳು. ಎಲ್ಲರೂ ಸತ್ತುಹೋದರು ಅಂತ. ನನ್ನ ಕೈಯಲ್ಲಿದ್ದ ಟೀ ಮುಂದಿದ್ದ ಫೈಲಿಗೆ ಅಭಿಷೇಕವಾಯಿತು. ಎಲ್ಲರೂ ಅಂದರೆ ಯಾರೇ?

"ತಾತ. ಅಜ್ಜಿ. ಅಪ್ಪ. ನಾನು." ಒಂದು ಬಿಕ್ಕು. "ನೀಯುಂ." ನೀನೂ.

ಹೋದ ಜೀವ ಅರ್ಧ ವಾಪಸ್ ಬಂತು. ನಾನು ಸತ್ತಿಲ್ಲ ಅನ್ನುವುದರ ಬಗ್ಗೆ ನನಗೆ ಸಾಕಷ್ಟು ನಂಬಿಕೆಯಿತ್ತು. ಸತ್ತ ಮಗಳು ಫೋನಿನಲ್ಲಿ ಸೊರಸೊರ ಮೂಗು ಎಳೆಯುತ್ತಿದ್ದಳು. ಇನ್ನು ಅವಳ ಅಜ್ಜಿ, ಅಂದರೆ ನಮ್ಮತ್ತೆ, ತೀರಿಕೊಂಡು ನಾಲ್ಕು ವರ್ಷವಾಗಿದೆ. ಅವರು ಇನ್ನೊಂದು ಸಲ ಸಾಯುವುದಕ್ಕೆ ಈ ಪ್ರಪಂಚದಲ್ಲಿ ಒಂದೇ ಒಂದು ಜಾಗ ಉಳಿದಿತ್ತು. ಅದು ನಮ್ಮ ಹಾಲಿನಲ್ಲಿರುವ ಕಂಪ್ಯೂಟರು.

"ಗೇಮಿನಲ್ಲಾ?" ಅಂದೆ. ಹೂಂ ಅಂದಳು. "ಏನಾಯಿತು? ಮನೆಗೆ ಬೆಂಕಿ ಬಿತ್ತಾ?"

"ಇಲ್ಲ. ಏಕಾದಶಿ."

(ಮೇಧಾಗೆ ಹನ್ನೊಂದು ವರ್ಷ. ಹುಟ್ಟಿ ಬೆಳೆದದ್ದೆಲ್ಲ ಚೆನ್ನೈ. ನಾವು ಕನ್ನಡದಲ್ಲಿ ಕೇಳುತ್ತೇವೆ, ಅವಳು ತಮಿಳಿನಲ್ಲಿ ಉತ್ತರ ಕೊಡುತ್ತಾಳೆ, ಕೋಪ ಬಂದರೆ ಇಂಗ್ಲಿಷಿನಲ್ಲಿ. ಇಲ್ಲಿಂದ ಮುಂದೆ ಅವಳ ಮಾತನ್ನು ನಾನೇ ಕನ್ನಡ ಮಾಡಿ ಕೊಡುತ್ತೇನೆ. ತಪ್ಪಿದ್ದರೆ ನನ್ನನ್ನು ಬಯ್ಯಿರಿ.)

ವಿಷಯ ಅರ್ಥವಾಗಬೇಕಾದರೆ ನೀವು ನಮ್ಮ ಮಾವನವರನ್ನು ನೋಡಬೇಕು. ವಯಸ್ಸು ಎಪ್ಪತ್ತಾರು. ಹುಟ್ಟಿದ್ದು ಮದ್ರಾಸು, ಓದಿದ್ದು ಮದ್ರಾಸು, ಹಾರ್ಬರಿನ ಕಡೆ ಒಂದು ಆಫೀಸಿನಲ್ಲಿ ಹೆಡ್ ಕ್ಲರ್ಕ್ ಆಗಿ ರಿಟೈರ್ ಆದದ್ದೂ ಮದ್ರಾಸು. ಊರಿಗೆ ಚೆನ್ನೈ ಅಂತ ಹೆಸರಾದದ್ದನ್ನು ಅವರಿಗೆ ಇನ್ನೂ ಯಾರೂ ಬರವಣಿಗೆಯಲ್ಲಿ ತಿಳಿಸಿಲ್ಲವಂತೆ. "ರೊಂಬ ವೆಕ್ಕೆ ಆಗಿದೆ, ಕೊಂಜ ಫ್ಯಾನ್ ಹಾಕು ಮಾ" (ತುಂಬಾ ಸೆಕೆ, ಸ್ವಲ್ಪ ಫ್ಯಾನ್ ಹಾಕಮ್ಮ) ಅನ್ನುವುದು ಅವರ ಪ್ರಕಾರ ಅಚ್ಚಗನ್ನಡ. ನಂಜನಗೂಡಿನಿಂದ ಮದುವೆಯಾಗಿ ಬಂದ ಹೊಸದರಲ್ಲಿ ನಾನು ಬಾಯಿ ಮುಚ್ಚಿಕೊಂಡು ನಗುತ್ತಿದ್ದೆ. ಈಗ ನಾನೇ ಹಾಗೆ ಮಾತಾಡುತ್ತೇನೆ.

ಮಾವನವರು ಕಟ್ಟಾ ಮಾಧ್ವರು. ಎಂಟನೇ ವಯಸ್ಸಿಗೆ ಉಪನಯನವಾಯಿತು. ಆವತ್ತಿನಿಂದ ಏಕಾದಶಿ ದಿನ ಅವರ ಗಂಟಲಿನಲ್ಲಿ ಒಂದು ಹನಿ ನೀರು ಇಳಿದಿಲ್ಲ. ತಿಂಗಳಿಗೆ ಎರಡು ಸಲ, ಅರವತ್ತೆಂಟು ವರ್ಷ. "ಎಂಟರಿಂದ ಎಂಬತ್ತರ ತನಕ ಎಲ್ಲಾರೂ ಮಾಡಬೇಕು, ಅದು ತಾನೆ ಶಾಸ್ತ್ರ" ಅಂತ ಮನೆಗೆ ಬಂದವರಿಗೆಲ್ಲ ಹೇಳುತ್ತಾರೆ. ಗ್ಯಾಸ್ ಸಿಲಿಂಡರ್ ತಂದವನಿಗೂ ಒಂದು ಸಲ ಹೇಳಿದ್ದಾರೆ. ಅತ್ತೆ ಬದುಕಿದ್ದ ತನಕ ಅವರ ಜೊತೆ ಮಾಡುತ್ತಿದ್ದರು. ನಾನು, ನಮ್ಮನೆಯವರು, ಮೇಧಾ ಮಾಡುವುದಿಲ್ಲ. ಅದಕ್ಕೆ ಅವರು ನಮ್ಮನ್ನು ಬೈದವರೂ ಅಲ್ಲ.

ತೊಂದರೆ ಏನೆಂದರೆ ಅವರಿಗೆ ಸಕ್ಕರೆ ಕಾಯಿಲೆ. ದಿನಾ ಮಾತ್ರೆ ತೆಗೆದುಕೊಳ್ಳಬೇಕು. ಏಕಾದಶಿ ದಿನ ಮಾತ್ರೆ ನುಂಗುವುದಕ್ಕೆ ನೀರು ಬೇಕಲ್ಲ, ಹಾಗಾಗಿ ಮಾತ್ರೆಯೂ ಇಲ್ಲ. ಅದು ಸಾಲದು ಅಂತ ಈ ಮಳೆಗಾಲಕ್ಕೆ ಮುಂಚೆ ಒಂದು ದ್ವಾದಶಿ ಬೆಳಿಗ್ಗೆ ನಿನ್ನೆಯದೂ ಸೇರಿಸಿ ಎರಡು ಮಾತ್ರೆ ಒಟ್ಟಿಗೆ ನುಂಗಿ, ಹೊಟ್ಟೆಗೆ ಏನೂ ಇಲ್ಲದೆ ಸ್ನಾನಕ್ಕೆ ಹೋದರು. (ಹೆಡ್ ಕ್ಲರ್ಕ್ ಬುದ್ಧಿ ನೋಡಿ. ಯಾವುದೂ ಪೆಂಡಿಂಗ್ ಇರಬಾರದು.) ಬಾತ್‌ರೂಮಿನಲ್ಲಿ ಬಿದ್ದರು. ಹಣೆ ನಲ್ಲಿಗೆ ತಗುಲಿ ಮೂರು ಹೊಲಿಗೆ. ಅಕ್ಕಪಕ್ಕದ ಶಬ್ದದಲ್ಲಿ ನಮಗ್ಯಾರಿಗೂ ಕೇಳಿಸಲಿಲ್ಲ. ಹಲ್ಲುಜ್ಜಲು ಹೋದ ಮೇಧಾ ಬಾಗಿಲು ತಟ್ಟಿ ತಟ್ಟಿ, ಆಮೇಲೆ ಕಿರುಚಿದಳು. ಆಮೇಲೆ ಆ ವಿಷಯ ಅವಳು ಎತ್ತಲೇ ಇಲ್ಲ. ಮಕ್ಕಳು ಬೇಗ ಮರೆಯುತ್ತಾರೆ ಅಂದುಕೊಂಡೆವು.

ಡಾಕ್ಟರು ಖಡಾಖಂಡಿತವಾಗಿ ಹೇಳಿಬಿಟ್ಟರು. ಇನ್ನು ಈ ಉಪವಾಸ ಬೇಡ ಸಾರ್, ಇನ್ನೊಂದು ಸಲ ಬಿದ್ದರೆ ಎದ್ದೇಳುತ್ತೀರಿ ಅನ್ನುವ ಗ್ಯಾರಂಟಿ ನಾನು ಕೊಡಲ್ಲ ಅಂತ. ಮಾವನವರು ವಿನಯದಿಂದ ತಲೆಯಾಡಿಸಿ, ಕೈ ಮುಗಿದು ಬಂದು, ಹದಿನೈದು ದಿನಕ್ಕೆ ಸರಿಯಾಗಿ ಉಪವಾಸ ಮಾಡಿದರು.

ಆಮೇಲೆ ಶುರುವಾಯಿತು ನಮ್ಮ ಯುದ್ಧ. ನಾನು ಲ್ಯಾಬ್ ರಿಪೋರ್ಟ್ ಹಿಡಿದು ನಿಲ್ಲುತ್ತಿದ್ದೆ. ನಮ್ಮನೆಯವರು ಶೋಳಿಂಗನಲ್ಲೂರಿನ ಆಫೀಸಿನಲ್ಲಿ ಇಂಟರ್‌ನೆಟ್ಟಿಂದ ಉಪವಾಸ ಮತ್ತು ಡಯಾಬಿಟಿಸ್ ಬಗ್ಗೆ ಹನ್ನೆರಡು ಪುಟ ಪ್ರಿಂಟ್ ತೆಗೆದು ತಂದು ದೇವರಮನೆ ಕಿಟಕಿಯಲ್ಲಿ ಇಟ್ಟರು. ಮಾವನವರು ಅದರ ಹಿಂದುಗಡೆ ಖಾಲಿ ಇದ್ದದ್ದು ನೋಡಿ ಸಂತೋಷಪಟ್ಟು, ವರ್ಷದ ತಿಥಿಗಳನ್ನೆಲ್ಲ ಬರೆದಿಟ್ಟುಕೊಂಡರು. ನನಗೆ ಅವರು ಕೊಡುತ್ತಿದ್ದ ಉತ್ತರ ಒಂದೇ.

"ಏಕಾದಶಿ ಉಪವಾಸದಿಂದ ಸತ್ತವರನ್ನ ಒಬ್ಬರನ್ನ ತೋರಿಸು ಮಾ, ನೋಡೋಣ."

ತೋರಿಸುವುದು ಎಲ್ಲಿಂದ?

ಈಗ ಗೇಮಿಗೆ ಬನ್ನಿ. ಮೇಧಾ ಹುಟ್ಟುಹಬ್ಬಕ್ಕೆ ಅವಳ ಸೋದರಮಾವ ಕೊಟ್ಟ ಸಿ.ಡಿ. ಅದು. ಹೊಡೆದಾಟ ಇಲ್ಲ, ಕಾರ್ ರೇಸ್ ಇಲ್ಲ. ಮನೆ ಕಟ್ಟಬೇಕು, ಅದರೊಳಗೆ ಜನರನ್ನು ಇಡಬೇಕು, ಅವರು ಸಂಸಾರ ಮಾಡುವುದನ್ನು ನೋಡಬೇಕು. ಅಷ್ಟೇ. ಪ್ರತಿಯೊಬ್ಬರಿಗೂ ಹಸಿವು, ನಿದ್ದೆ, ಸ್ನಾನ, ಮಾತುಕತೆ ಅಂತ ಒಂದೊಂದು ಪಟ್ಟಿ. ಹಸಿರಿದ್ದರೆ ಸುಖ, ಕೆಂಪಾದರೆ ಕಷ್ಟ. ನಮ್ಮ ಅರ್ಧ ಗಂಟೆಗೆ ಅವರಿಗೆ ಒಂದು ದಿನ ಕಳೆಯುತ್ತದೆ. ದಿನವಿಡೀ ಇದನ್ನೇ ಮಾಡಿ ಸುಸ್ತಾದ ನಾನು, ಕಂಪ್ಯೂಟರಿನಲ್ಲೂ ಅದನ್ನೇ ಆಡುವುದರಲ್ಲಿ ಏನು ಸುಖ ಕಂಡಳೋ ಈ ಹುಡುಗಿ ಅಂದುಕೊಂಡೆ.

ಮೇಧಾ ಅದರಲ್ಲಿ ನಮ್ಮ ಮನೆಯನ್ನೇ ಮಾಡಿದಳು. ಅಪ್ಪ, ಅಮ್ಮ, ತಾತ, ತಾನು. ನಾನು ಸ್ವಲ್ಪ ತೆಳ್ಳಗಿದ್ದೆ. ಅದಕ್ಕಾಗಿ ಅವಳಿಗೆ ಥ್ಯಾಂಕ್ಸ್ ಹೇಳಿದೆ. ಆಮೇಲೆ ಒಂದು ದಿನ ಗೋಡೆಯ ಮೇಲಿನ ಫೋಟೋ ನೋಡಿಕೊಂಡು ಅಜ್ಜಿಯನ್ನೂ ಮಾಡಿದಳು. ಸೀರೆ ಇರಲಿಲ್ಲ, ಹಳದಿ ಗೌನು ಹಾಕಿದಳು. ತಲೆಗೂದಲು ಬೆಳ್ಳಗೆ, ಗಂಟು ಹಾಕಿ. ಹಿಂದಿನಿಂದ ನೋಡಿದರೆ ಅತ್ತೆಯೇ.

ಮಾವನವರು ಆ ತನಕ ಕಂಪ್ಯೂಟರಿನ ಕಡೆ ತಿರುಗಿಯೂ ನೋಡಿದವರಲ್ಲ. ಅವತ್ತು ಕುರ್ಚಿ ಎಳೆದುಕೊಂಡು ಬಂದು ಕೂತರು.

"ಇವಳು ಯಾಕೆ ಚಪ್ಪಲಿ ಹಾಕ್ಕೊಂಡು ಅಡುಗೆಮನೆಗೆ ಹೋಗ್ತಾಳೆ?" ಅನ್ನುವುದು ಅವರ ಮೊದಲ ಪ್ರಶ್ನೆ. ಎರಡನೆಯದು, "ಇವರೆಲ್ಲ ಯಾವ ಭಾಷೆ ಮಾತಾಡೋದು?" ಯಾವ ಭಾಷೆಯೂ ಅಲ್ಲ ತಾತ, ಸುಮ್ಮನೆ ಏನೋ ಗೊಣಗೊಣ ಅಂದಳು ಮೇಧಾ. "ಶರಿ, ಥೇಟ್ ನಮ್ಮ ಮನೆ," ಅಂದರು.

ಅಕ್ಟೋಬರಿನಲ್ಲಿ ಅವಳಿಗೆ ಪರೀಕ್ಷೆ ಬಂತು. ಗೇಮ್ ಬಂದ್ ಅಂತ ನಾನು ಹುಕುಂ ಹೊರಡಿಸಿದೆ. ಅವಳು ತಾತನನ್ನು ಕೂರಿಸಿಕೊಂಡು, ಮೌಸ್ ಹಿಡಿಯುವುದು ಕಲಿಸಿ, ಸಂಸಾರವನ್ನು ಅವರ ಕೈಗೆ ಒಪ್ಪಿಸಿದಳು. ಎದ್ದು ಹೋಗುವಾಗ ಈ ಬಟನ್ ಒತ್ತಬೇಕು, ಅಲ್ಲಿ ಹೊತ್ತು ನಿಂತುಹೋಗುತ್ತೆ, ಯಾರಿಗೂ ಏನೂ ಆಗಲ್ಲ. ಮಾನಿಟರ್ ಮಾತ್ರ ಆಫ್ ಮಾಡಿ, ಕಂಪ್ಯೂಟರ್ ಬೇಡ. ಮಾವನವರು ಎರಡು ಸಲ ಹೇಳಿಸಿಕೊಂಡರು.

ಆಡಳಿತ ಬದಲಾಯಿತು ಅಂದರೆ ಹೇಗೆ ಬದಲಾಯಿತು ಅಂತೀರಿ! ಅಡುಗೆಮನೆ ಆಗ್ನೇಯಕ್ಕೆ ಹೋಯಿತು. ಈಶಾನ್ಯದಲ್ಲಿದ್ದ ಟಾಯ್ಲೆಟ್ ಎತ್ತಂಗಡಿ. ಉತ್ತರಕ್ಕೆ ತಲೆ ಹಾಕಿದ್ದ ಮಂಚಗಳೆಲ್ಲ ತಿರುಗಿದವು. ಅಂಗಳದಲ್ಲಿ ತುಳಸಿ ಸಿಗದೆ ಅದಕ್ಕೆ ಹತ್ತಿರವಾದ ಒಂದು ಹಸಿರು ಗಿಡ ನೆಟ್ಟರು. ಮುಖ್ಯವಾಗಿ, ಯಾರೇ ಆಗಲಿ ಸ್ನಾನ ಮಾಡದೆ ಒಲೆ ಮುಟ್ಟುವ ಹಾಗಿಲ್ಲ. ಇತ್ತ ನಿಜವಾದ ಮನೆಯಲ್ಲಿ ನಾವು ನೀರಿನ ಲಾರಿಗೆ ಕೊಡ ಹಿಡಿದು ಬೀದಿಯಲ್ಲಿ ನಿಂತಿದ್ದರೆ, ಅತ್ತ ಕಂಪ್ಯೂಟರಿನಲ್ಲಿ ಐದು ಜನಕ್ಕೂ ದಿನಕ್ಕೆರಡು ಸ್ನಾನ. ಐದೂ ಜನ ಒಂದೇ ಬಚ್ಚಲಿಗೆ ಕ್ಯೂ ನಿಂತು, ಆಟದಲ್ಲಿ ನಮ್ಮನೆಯವರಿಗೆ ದಿನಾ ಆಫೀಸಿಗೆ ತಡವಾಗಿ, ಕೊನೆಗೆ ಕೆಲಸ ಹೋಯಿತು. "ಪರವಾಯಿಲ್ಲ, ಮನೆಯಲ್ಲೇ ಇದ್ದು ಸಂಧ್ಯಾವಂದನೆ ಮಾಡಲಿ," ಅಂದರು ಮಾವ. ಸಂಜೆ ಬಂದ ನಿಜವಾದ ಮಗನನ್ನು ಅವತ್ತು ಸ್ವಲ್ಪ ಕನಿಕರದಿಂದ ನೋಡಿದ ಹಾಗಿತ್ತು.

ನಗಬೇಡಿ. ನಾನೂ ನಗುತ್ತಿದ್ದೆ, ಒಂದು ದಿನ ಹಿಂದಿನಿಂದ ನೋಡುವ ತನಕ. ಕೆಲಸವೆಲ್ಲ ಮುಗಿದ ಮೇಲೆ ಮಾವನವರು ಆಟದ ತಾತನನ್ನು ಕರೆತಂದು ಸೋಫಾದಲ್ಲಿ ಕೂರಿಸುತ್ತಿದ್ದರು. ಆಮೇಲೆ ಅಜ್ಜಿಯನ್ನು ತಂದು ಪಕ್ಕದಲ್ಲಿ ಕೂರಿಸುತ್ತಿದ್ದರು. ಮಾತಾಡಿ ಅಂತ ಒಂದು ಗುಂಡಿ ಒತ್ತುತ್ತಿದ್ದರು. ಅವರಿಬ್ಬರೂ ಗೊಣಗೊಣ ಅಂತ ಏನೋ ಮಾತಾಡುವುದನ್ನು, ಗಲ್ಲಕ್ಕೆ ಕೈ ಕೊಟ್ಟು, ಒಂದು ದಿನ ಪೂರ್ತಿ (ಅಂದರೆ ಅರ್ಧ ಗಂಟೆ) ನೋಡುತ್ತಿದ್ದರು. ನಾನು ಸದ್ದು ಮಾಡದೆ ಒಳಗೆ ಹೋದೆ.

ಹೀಗಿರುವಾಗ ಏಕಾದಶಿ ಬಂತು. ಅವತ್ತು ಬೆಳಿಗ್ಗೆ ಒಂಬತ್ತರ ಹೊತ್ತಿಗೆ ನಾವೆಲ್ಲ ಮನೆ ಬಿಟ್ಟಿದ್ದೆವು. ಏನಾಯಿತು ಅನ್ನುವುದನ್ನು ಮಾವನವರು ಆಮೇಲೆ ನನಗೆ ಒಂದೊಂದಾಗಿ ಹೇಳಿದರು. ತಪ್ಪೊಪ್ಪಿಗೆ ಕೊಡುವಾಗಲೂ ಅವರದು ಕ್ರಮಬದ್ಧ.

"ಅವಳು ಎದ್ದಳು ಮಾ. ಸ್ನಾನ ಮಾಡಿಸಿದೆ. ನೇರ ಹೋಗಿ ಫ್ರಿಜ್ ಬಾಗಿಲು ತೆಗೆದಳು. ಏಕಾದಶಿ ದಿನ! ನನ್ನ ಜೊತೆ ಅಷ್ಟು ವರ್ಷ ಇದ್ದಳು, ಒಂದು ದಿನ ಹಾಗೆ ಮಾಡಿದೋಳಲ್ಲ. ನೋಡ್ಕೊಂಡು ಹೇಗೆ ಕೂತಿರ್ಲಿ?"

ಫ್ರಿಜ್ಜನ್ನು ತೆಗೆದುಬಿಟ್ಟರು. ಒಲೆಯನ್ನೂ ತೆಗೆದರು. ಬೀದಿ ಬಾಗಿಲಿಗೆ ಅಡ್ಡ ಗೋಡೆ ಎಬ್ಬಿಸಿದರು, ಯಾರೂ ಹೋಟೆಲಿಗೆ ಹೋಗದ ಹಾಗೆ. ನಾಳೆ ದ್ವಾದಶಿ ಪಾರಣೆ ಹೊತ್ತಿಗೆ ಎಲ್ಲ ವಾಪಸ್ ಇಟ್ಟರಾಯಿತು ಅಂತ.

"ಸರಿ ಮಾವ, ಆದರೆ ಎದ್ದು ಹೋಗುವಾಗ ಬಟನ್ ಒತ್ತಬೇಕಿತ್ತಲ್ಲ? ಅವಳು ಹೇಳಿದ್ದಳಲ್ಲ?"

ಇದಕ್ಕೆ ಅವರು ಕೊಟ್ಟ ಉತ್ತರವನ್ನು ನಾನು ಸಾಯುವ ತನಕ (ಎರಡನೇ ಸಲ) ಮರೆಯುವುದಿಲ್ಲ.

"ಹೊತ್ತು ನಿಲ್ಲಿಸಿಬಿಟ್ರೆ ಅದು ಉಪವಾಸ ಹೇಗಾಗುತ್ತೆ ಮಾ? ಹೊತ್ತು ಹೋಗ್ಬೇಕು ತಾನೆ?"

ಎಷ್ಟು ಸರಿಯಾದ ಮಾತು! ಉಪವಾಸವೆಂದರೆ ಹೊತ್ತು ಹೋಗುವುದೇ ಅಲ್ಲವೇ? ಹಾಗಾಗಿ ಹೊತ್ತನ್ನು ಬಿಟ್ಟು, ಮಾನಿಟರ್ ಆಫ್ ಮಾಡಿ, ಮಠಕ್ಕೆ ಹೋದರು. ಬಂದು ಜಪ ಮಾಡಿದರು. ಸುಸ್ತಾಗಿ ಮಲಗಿದರು. ಮೇಧಾ ಬಂದು ಮಾನಿಟರ್ ಹಾಕಿದಾಗ ನಾಲ್ಕು ಗಂಟೆ. ಆಟದ ಲೆಕ್ಕದಲ್ಲಿ ಹದಿನಾಲ್ಕು ದಿನ ಕಳೆದಿತ್ತು. ಮನೆಯಲ್ಲಿ ಯಾರೂ ಇರಲಿಲ್ಲ. ಅಂಗಳದಲ್ಲಿ ಆ ಹಸಿರು ಗಿಡದ ಪಕ್ಕ ಐದು ಬಿಳಿ ಕಲ್ಲು.

"ಅಲ್ಲಿ ದಿನ ಬೇಗ ಹೋಗುತ್ತೆ ಅಂತ ನಿಮಗೆ ಗೊತ್ತಿರಲಿಲ್ಲವಾ?"

"ಗೊತ್ತಿತ್ತು. ಆದರೆ ಪಂಚಾಂಗ ನಮ್ಮದು ತಾನೆ? ನಮಗೆ ಏಕಾದಶಿ ಮುಗಿಯೋ ತನಕ ಅವರಿಗೂ ಏಕಾದಶಿ." ಹಣೆಯ ಹೊಲಿಗೆ ಗುರುತು ಮುಟ್ಟಿಕೊಂಡರು. "ಉಪವಾಸದಿಂದ ಸಾಯ್ತಾರೆ ಅಂತ ನಾನು..."

ಅಲ್ಲಿಗೇ ನಿಲ್ಲಿಸಿದರು.

ನಾನು ಮನೆ ಸೇರಿದಾಗ ಐದೂವರೆ. ಟಿ. ನಗರದ ದೀಪಾವಳಿ ಜಾತ್ರೆಯಲ್ಲಿ ಆಟೋ ನುಗ್ಗುವುದಕ್ಕೆ ಜಾಗವಿಲ್ಲದೆ, ಅರ್ಧ ದಾರಿ ಇಳಿದು, ಸೀರೆ ಅಂಗಡಿಗಳ ಜನರನ್ನು ಸೀಳಿಕೊಂಡು ಓಡಿ ಬಂದೆ. ಮೇಧಾ ಮುಖ ಊದಿಸಿಕೊಂಡು ಸೋಫಾದಲ್ಲಿದ್ದಳು. ಮಾವನವರ ತಲೆಗೂದಲು ಇನ್ನೂ ಒದ್ದೆಯಾಗಿತ್ತು. ಸಂಜೆ ನಾಲ್ಕೂವರೆಗೆ, ನೀರಿಲ್ಲದ ಈ ಊರಿನಲ್ಲಿ, ಡ್ರಮ್ಮಿನಲ್ಲಿ ಉಳಿದಿದ್ದ ನೀರು ತೋಡಿ ತಲೆಗೆ ಸ್ನಾನ ಮಾಡಿದ್ದರು. ಯಾಕೆ ಅಂತ ನಿಮಗೆ ಹೇಳಬೇಕಾಗಿಲ್ಲ. ಸಾವಿನ ಸುದ್ದಿ ಕೇಳಿದರೆ ನಮ್ಮಲ್ಲಿ ಮಾಡುವುದು ಅದನ್ನೇ.

"ಆ ಕೋಡಂಬಾಕ್ಕಂ ಶೇಖರ್‌ಗೆ ಫೋನ್ ಮಾಡು ಮಾ," ಅಂದರು. ಶೇಖರ್ ಅಂದರೆ ನಮ್ಮ ಕಂಪ್ಯೂಟರ್ ರಿಪೇರಿ ಮಾಡುವವನು. "ಹೋದವರನ್ನ ವಾಪಸ್ ತರೋಕೆ ಏನಾದ್ರೂ ವಳಿ ಇದ್ಯಾ ಕೇಳು." ದಾರಿ ಇದೆಯಾ ಅಂತ.

ಕೇಳಿದೆ. ಅವನಿಗೆ ಇಂಥದ್ದೆಲ್ಲ ದಿನನಿತ್ಯದ ವ್ಯವಹಾರ. "ಬ್ಯಾಕಪ್ ಇರುಕ್ಕಾ ಮೇಡಂ?" ಅಂದ. ಇಲ್ಲಪ್ಪ. "ಅಪ್ಪೋ ಪೋಚ್ಚು." ಹಾಗಾದರೆ ಹೋಯಿತು.

ಮಾವನವರು ಬ್ಯಾಕಪ್ ಅಂದರೇನು ಅಂತ ಕೇಳಿದರು. ಇದ್ದ ಹಾಗೇ ಇನ್ನೊಂದು ಪ್ರತಿ ಮಾಡಿ ಇಟ್ಟುಕೊಳ್ಳುವುದು ಅಂದೆ. ಹೌದಾ ಅಂದು ಕೋಣೆಗೆ ಹೋಗಿ ಕೂತರು.

ಇಷ್ಟಕ್ಕೇ ಮುಗಿದಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಆರೂವರೆಗೆ ಮೇಧಾಗೆ ದೋಸೆ ಹಾಕಿದೆ. ಬೇಡ ಅಂದಳು. ಹಾಲು? ಬೇಡ. ನೀರಾದರೂ ಕುಡಿಯೇ, ಮುಖ ಬಾಡಿಹೋಗಿದೆ. ಅದೂ ಬೇಡ. ಎದ್ದು ಹೋಗಿ ತಾತನ ಕೋಣೆಯ ಬಾಗಿಲಿಗೆ ಒರಗಿ ಕೂತಳು.

"ಇವತ್ತು ಏಕಾದಶಿ," ಅಂದಳು. "ನನಗೆ ಹನ್ನೊಂದು ವರ್ಷ. ಎಂಟರಿಂದ ಎಂಬತ್ತು."

ನನಗೆ ಮೊದಲು ಸಿಟ್ಟು ಬಂತು. ಗೇಮ್ ಹೋಯಿತು ಅಂತ ಇಷ್ಟು ಹಟವಾ? ಅವಳ ಸ್ಕೂಲಿನ ಮೀಟಿಂಗಿನಲ್ಲಿ ಟೀಚರ್ ಒಬ್ಬರು ಹೇಳಿದ್ದರು, ಈ ಗೇಮುಗಳಿಂದ ಮಕ್ಕಳಿಗೆ ಯಾವುದು ನಿಜ ಯಾವುದು ಆಟ ಅನ್ನುವುದೇ ಗೊತ್ತಾಗುವುದಿಲ್ಲ ಅಂತ. ಪೇಪರಿನಲ್ಲೂ ದಿನಾ ಅದೇ. ನಾನೂ ಜೋರಾಗಿ ತಲೆಯಾಡಿಸಿದ್ದೆ. ಸಿ.ಡಿ.ಯನ್ನು ಎತ್ತಿ ಬೀರುವಿನಲ್ಲಿ ಬೀಗ ಹಾಕಬೇಕು ಅಂತ ಆ ಕ್ಷಣವೇ ತೀರ್ಮಾನ ಮಾಡಿದೆ.

ಏಳೂವರೆ ಆಯಿತು. ನಮ್ಮನೆಯವರು ಕ್ಯಾಬ್ ಇಳಿದು ಬಂದು, ಚಾಕೊಲೇಟ್ ತೋರಿಸಿದರು. ಹೊರಳಿ ನೋಡಲಿಲ್ಲ. ಗದರಿಸಿದರು. ಅದಕ್ಕೂ ಇಲ್ಲ. ಅವಳ ತುಟಿ ಒಣಗಿತ್ತು. ಒಳಗೆ ಕೂತ ಮಾವನವರಿಗೆ ಎಲ್ಲ ಕೇಳಿಸುತ್ತಿತ್ತು. ಕೊನೆಗೆ ತಡೆಯಲಾರದೆ ಎದ್ದು ಬಾಗಿಲಿಗೆ ಬಂದರು.

"ಕಣ್ಣಾ, ನೀನು ಚಿಕ್ಕವಳು, ಓದೋ ಮಗು. ನಿನಗೆ ದೋಷ ಇಲ್ಲ. ಹೋಗು, ತಿನ್ನು."

"ಎಂಟರಿಂದ ಎಂಬತ್ತು ಅಂತ ನೀವು ತಾನೆ ಹೇಳಿದ್ದು?"

"ಹೇಳಿದೆ. ಆದರೆ ಅದಕ್ಕೆ ವಿನಾಯಿತಿ ಇದೆ ಮಾ. ಬಾಲರು, ಬಸುರಿಯರು, ರೋಗಿಗಳು. ಇವರೆಲ್ಲ ತಿಂದರೆ ದೋಷ ಇಲ್ಲ ಅಂತ ಶಾಸ್ತ್ರದಲ್ಲೇ ಇದೆ."

"ರೋಗಿಗಳು ಅಂದ್ರೆ?"

ಮಾವನವರು, ಅಷ್ಟು ವರ್ಷ ಹಾರ್ಬರಿನ ರೂಲ್ ಪುಸ್ತಕ ಅರೆದು ಕುಡಿದವರು, ತಮ್ಮ ಬಾಯಿಂದಲೇ ಬಂದ ರೂಲ್ ಮುಂದೆ ನಿಂತಿದ್ದರು.

"ಸಕ್ಕರೆ ಕಾಯಿಲೆ ಇರೋರು ರೋಗಿಗಳು ಅಲ್ವಾ ತಾತ? ಬಾತ್‌ರೂಮಲ್ಲಿ ಬೀಳೋರು?"

"ಅದು ಬೇರೆ ಕಣ್ಣಾ..."

"ಏನು ಬೇರೆ? ನಾನು ಬಾಗಿಲು ತಟ್ಟಿದೆ. ತಾತಾ ತಾತಾ ಅಂದೆ. ನೀವು ಮಾತಾಡಲಿಲ್ಲ. ಒಳಗೆ ನೀರು ಮಾತ್ರ ಬೀಳ್ತಾ ಇತ್ತು." ಈಗ ಅವಳು ನಿಜವಾಗಿ ಅಳುವುದಕ್ಕೆ ಶುರು ಮಾಡಿದಳು. "ಗೇಮ್ ಹೋದ್ರೆ ಹೋಗ್ಲಿ. ನಾಳೆ ಇನ್ನೊಂದು ಮನೆ ಕಟ್ತೀನಿ, ಅದಕ್ಕೆ ಅರ್ಧ ಗಂಟೆ ಸಾಕು. ನಿಮ್ಮನ್ನ ಎಲ್ಲಿಂದ ತರಲಿ? ನಿಮಗೆ ಬ್ಯಾಕಪ್ ಇದೆಯಾ?"

ನನಗೆ ಕಣ್ಣಲ್ಲಿ ನೀರು ಬಂತು. ಹೇಳಿಕೊಳ್ಳುವುದಕ್ಕೆ ನಾಚಿಕೆ ಏನೂ ಇಲ್ಲ. ಮರೆತಿದ್ದಾಳೆ ಅಂದುಕೊಂಡಿದ್ದೆವಲ್ಲ, ಅವಳು ಮರೆತಿರಲಿಲ್ಲ. ಪ್ರತಿ ಏಕಾದಶಿ ಮಾರನೆಯ ಬೆಳಿಗ್ಗೆ ಅವಳು ಬೇಗ ಎದ್ದು ಬಾತ್‌ರೂಮಿನ ಹತ್ತಿರ ಸುಮ್ಮಸುಮ್ಮನೆ ಓಡಾಡುತ್ತಿದ್ದದ್ದು ಆಗ ನೆನಪಾಯಿತು. ಸ್ಕೂಲಿಗೆ ತಡ ಮಾಡುತ್ತೀಯಾ ಅಂತ ನಾನು ಬೈದಿದ್ದೆ ಕೂಡ.

ಮಾವನವರು ದೇವರಮನೆಗೆ ಹೋದರು. ಬಾಗಿಲು ಮುಂದೆ ಮಾಡಿಕೊಂಡರು. ಹೊರಗೆ ನಾವು ಮೂವರೂ ಕಾದು ಕೂತೆವು. ಕಾಲು ಗಂಟೆ ಆಗಿರಬಹುದು. ಒಳಗೆ ಏನು ನಡೆಯಿತೋ, ಅವರು ದೇವರಿಗೆ ಏನು ಹೇಳಿದರೋ ನನಗೆ ಗೊತ್ತಿಲ್ಲ. ಅದು ನನ್ನ ವಿಷಯ ಅಲ್ಲ.

ಹೊರಗೆ ಬಂದು, "ಹಾಲಿದ್ಯಾ ಮಾ?" ಅಂದರು.

ಎರಡು ಲೋಟ ಹಾಲು ಕಾಯಿಸಿದೆ. ಅವರದಕ್ಕೆ ಸಕ್ಕರೆ ಇಲ್ಲ. ಮೇಧಾ ಅವರ ಬಾಯನ್ನೇ ನೋಡುತ್ತಾ ಕೂತಿದ್ದಳು, ಮೊದಲ ಗುಟುಕು ಇಳಿಯುವ ತನಕ ತನ್ನ ಲೋಟ ಎತ್ತಲಿಲ್ಲ. ಅರವತ್ತೆಂಟು ವರ್ಷದ ಮೇಲೆ ಏಕಾದಶಿ ದಿನ ಮಾವನವರು ಒಂದು ಲೋಟ ಹಾಲು ಕುಡಿದರು. ಕುಡಿದು, ಹಾಲು ಸ್ವಲ್ಪ ಸೀದಿದೆ ಅಂತ ದೂರು ಹೇಳಿದರು. ಮೇಧಾ ಆಮೇಲೆ ನಾಲ್ಕು ದೋಸೆ ತಿಂದಳು.

ಭಾನುವಾರ ಅವಳು ಹೊಸ ಮನೆ ಕಟ್ಟಲು ಕೂತಳು. (ಬೀರುವಿನ ಬೀಗದ ವಿಚಾರ ನಾನು ಕೈಬಿಟ್ಟಿದ್ದೆ.) ತಾತ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, ಬಾಗಿಲು ಪೂರ್ವಕ್ಕೆ ಇರಲಿ ಅಂತ ಸಲಹೆ ಕೊಡುತ್ತಿದ್ದರು. ಅಪ್ಪ ಬಂದ, ಅಮ್ಮ ಬಂದಳು. ಈ ಸಲ ನಾನು ಇನ್ನೂ ತೆಳ್ಳಗೆ. ತಾತ ಬಂದರು. ಮೇಧಾ ಬಿಳಿ ಕೂದಲು ಹುಡುಕತೊಡಗಿದಳು.

"ಅವಳನ್ನ ಬೇಡ ಕಣ್ಣಾ," ಅಂದರು ಮಾವ, ಮೆಲ್ಲಗೆ. "ಅವಳನ್ನ ಎರಡು ಸಲ ಕಳಿಸಿ ಆಯ್ತು. ಸಾಕು."

ಮೇಧಾ ಪರದೆಯ ಮೇಲಿನ ಆ ಕಿಟಕಿ ಮುಚ್ಚಿದಳು. ಈಗ ಆ ಮನೆಯಲ್ಲಿ ನಾಲ್ಕೇ ಜನ.

ನೋಡಿ, ಆಟ ಯಾವುದು ನಿಜ ಯಾವುದು ಅನ್ನುವುದು ನಮ್ಮ ಮನೆಯಲ್ಲಿ ಯಾರಿಗೆ ಗೊತ್ತಾಗಲಿಲ್ಲ? ಹನ್ನೊಂದರ ಹುಡುಗಿಗೆ ಕ್ಷಣಕ್ಷಣವೂ ಗೊತ್ತಿತ್ತು. ಅವಳು ಅತ್ತದ್ದು ಐದು ಕಲ್ಲುಗಳಿಗಲ್ಲ. ಎಪ್ಪತ್ತಾರರ ಮಾವನವರಿಗೆ ಗೊತ್ತಾಗಲಿಲ್ಲ ಅನ್ನೋಣವೆಂದರೆ ಅದಕ್ಕೂ ನನಗೆ ಮನಸ್ಸಿಲ್ಲ. ಹೋದ ಹೆಂಡತಿ ಹಳದಿ ಗೌನು ಹಾಕಿಕೊಂಡು ಬಂದರೂ ಅವಳ ವ್ರತ ಕೆಡಬಾರದು ಅಂದುಕೊಂಡದ್ದು ಭ್ರಮೆ ಅಂತ ಹೇಳುವಷ್ಟು ಬುದ್ಧಿವಂತಿಕೆ ನನಗಿಲ್ಲ. ಅದನ್ನು ಟೀಚರಿಗೆ ಹೇಗೆ ವಿವರಿಸಲಿ? ಮುಂದಿನ ಮೀಟಿಂಗಿಗೆ ನಮ್ಮನೆಯವರನ್ನೇ ಕಳಿಸುತ್ತೇನೆ.

ಮೊನ್ನೆ ಮತ್ತೆ ಏಕಾದಶಿ. ನಾನು ರಜೆ ಹಾಕಿದ್ದೆ, ಸುಮ್ಮನೆ, ನೋಡುವುದಕ್ಕೆ. ಹನ್ನೊಂದು ಗಂಟೆಗೆ ಮಾವನವರು ತಾವಾಗಿ ಬಂದು ಕೂತರು. ಎರಡು ಬಾಳೆಹಣ್ಣು, ಒಂದು ಲೋಟ ಹಾಲು, ಒಂದು ಮಾತ್ರೆ. (ಡಾಕ್ಟರು ಯಾವುದು, ಎಷ್ಟು ಅಂತ ಚೀಟಿ ಬರೆದು ಕೊಟ್ಟಿದ್ದಾರೆ.) ದೇವರಮನೆಯ ಕಡೆ ಬೆನ್ನು ಮಾಡಿ ಕೂತಿದ್ದರು.

"ಅರವತ್ತೆಂಟು ವರ್ಷದ್ದು ಹೋಯ್ತು," ಅಂದರು, ಬಾಳೆಹಣ್ಣಿನ ಸಿಪ್ಪೆ ಸುಲಿಯುತ್ತ. ದೂರುವ ದನಿ ಇರಲಿಲ್ಲ. ಬಸ್ಸು ಹೋಯ್ತು ಅಂದ ಹಾಗೆ ಅಂದರು. "ಪರವಾಯಿಲ್ಲ. ಆ ಕೊಳಂದೆ ಹಸ್ಕೊಂಡು ಕೂತಿತ್ತು, ಪಾವಂ." ಕೊಳಂದೆ ಅಂದರೆ ಮಗು, ಪಾವಂ ಅಂದರೆ ಪಾಪ.

ನಾನು ಗೆದ್ದಿದ್ದೆ ಅಲ್ಲವೇ? ಖುಷಿಯಾಗಬೇಕಿತ್ತು. ಸಮಾಧಾನವೇನೋ ಆಯಿತು. ಇನ್ನು ಆ ಬಾಗಿಲನ್ನು ಯಾರೂ ತಟ್ಟಿ ತಟ್ಟಿ ಕೂಗಬೇಕಾಗಿಲ್ಲ. ಆದರೆ ಅವರು ಬೆನ್ನು ಬಾಗಿಸಿ ಆ ಹಣ್ಣು ತಿನ್ನುವುದನ್ನು ನೋಡುತ್ತಾ ನನಗೆ ಊಟ ಸೇರಲಿಲ್ಲ. ಈ ಮನೆಗೆ ಬಂದ ಲಾಗಾಯ್ತಿನಿಂದ ನಾನು ಏಕಾದಶಿ ದಿನ ಅಡುಗೆಮನೆ ಬಾಗಿಲು ಹಾಕಿಕೊಂಡು, ಒಗ್ಗರಣೆ ವಾಸನೆ ಅವರ ಕೋಣೆಗೆ ಹೋಗದ ಹಾಗೆ ನೋಡಿಕೊಂಡು, ಹೊಟ್ಟೆ ತುಂಬ ಸಾರನ್ನ ತಿಂದು, ಕೈ ತೊಳೆಯುತ್ತಿದ್ದೆ. ಅವರು ಬಿದ್ದ ಮೇಲೆ ಹಾಗೇ ಅವರಿಗೆ ಬುದ್ಧಿ ಹೇಳಲೂ ಹೋಗುತ್ತಿದ್ದೆ. ಡಾಕ್ಟರ ಮಾತು, ಲ್ಯಾಬಿನ ರಿಪೋರ್ಟು, ಇಂಟರ್‌ನೆಟ್ಟಿನ ಹನ್ನೆರಡು ಪುಟ, ಎಲ್ಲವನ್ನೂ ಅವರ ಮುಂದೆ ಹಿಡಿದೆ.

ಅವರ ಪಕ್ಕ ಒಂದು ಹೊತ್ತು ಹಸಿದು ಕೂತುಕೊಳ್ಳಬಹುದು ಅಂತ ನನಗೆ ಯಾಕೆ ಹೊಳೆಯಲಿಲ್ಲ?